ಟಾರ್ಕ್ ಮೇಸ್ತ್ರಿ

ಲಾರಿಗಳ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುವ ಮೇಸ್ತ್ರಿಯ ಲೆಕ್ಕದಲ್ಲಿ ಜಗತ್ತಿನ ಜನರೆಲ್ಲ ಎರಡೇ ಬಗೆ: ಟಾರ್ಕ್ ಇರುವವರು, ಬರೀ ಹಾರ್ಸ್‌ಪವರ್ ಇರುವವರು. “ನಿಂತ ಹೊರೆಯನ್ನ ಕದಲಿಸೋದು ಟಾರ್ಕ್ ಕಣಯ್ಯ, ಅದನ್ನ ಎಷ್ಟು ಬೇಗ ಒಯ್ತೀಯ ಅನ್ನೋದು ಹಾರ್ಸ್‌ಪವರ್” ಎಂದು ಗ್ರೀಸು ಮೆತ್ತಿದ ಬೆರಳೆತ್ತಿ ಬೋಧಿಸದೆ ಆತ ಯಾವ ಚಾಲಕನಿಗೂ ಕೀಲಿಕೈ ಮರಳಿಸಿದವನಲ್ಲ. ಕ್ಷೌರಿಕನಿಗೂ ಇದೇ ಪಾಠ; ಹಲ್ಲು ಕೀಳುವ ವೈದ್ಯರಿಗೂ, ಅವರ ಇಕ್ಕಳ ತನ್ನ ಬಾಯಲ್ಲಿರುವಾಗಲೇ, ಇದೇ ಪಾಠ. ಮಗಳನ್ನು ಮದುವೆಯಾಗುತ್ತೇನೆಂದು ಬಂದ ಹುಡುಗ ತಾನು ಓಟದಲ್ಲಿ ಮೊದಲಿಗನೆಂದಾಗ, “ಅದು ಹಾರ್ಸ್‌ಪವರ್ ಆಯ್ತು. ಎಲ್ಲಿ, ಆ ಬೀರು ಸ್ವಲ್ಪ ಸರಿಸಪ್ಪ” ಎಂದು ಅವನನ್ನು ಎಬ್ಬಿಸಿದ್ದ; ಬೀರು ಕದಲಿತು, ಮದುವೆಯೂ ಆಯಿತು. ಇಂಥವನ ಹೆಂಡತಿಗೆ ಪಾರ್ಶ್ವವಾಯು ಬಡಿದು ಬಲಗಾಲು ಸ್ವಾಧೀನ ತಪ್ಪಿದಾಗ, ಆಕೆ ಮತ್ತೆ ನಡೆಯುವುದು ಅನುಮಾನವೆಂದರು ವೈದ್ಯರು. ಅಂದಿನಿಂದ ಮೇಸ್ತ್ರಿ ದಿನವೂ ಗ್ಯಾರೇಜು ತೆರೆಯುವ ಮೊದಲು ಆಕೆಯನ್ನು ಎಬ್ಬಿಸಿ, ಸೊಂಟ ಹಿಡಿದು ನಿಲ್ಲಿಸಿ, ಆ ಕಾಲು ತಾನಾಗಿ ಕದಲಲೆಂದು ಬಾಯಿ ಬಿಗಿಹಿಡಿದು ಕಾಯುತ್ತಿದ್ದ. ಎರಡು ತಿಂಗಳ ಮೇಲೆ ಅದು ಬೆರಳಗಲ ಮುಂದೆ ಸರಿಯಿತು. “ಏನ್ರೀ, ಪಾಠ ಮರ್ತೇಹೋಯ್ತಾ?” ಎಂದು ಆಕೆಯೇ ಕೆಣಕಿದಳು. ಮೇಸ್ತ್ರಿ ಮೂಗೊರೆಸಿಕೊಂಡು, “ಇನ್ನೊಂದ್ಸಲ” ಎಂದಷ್ಟೇ ಹೇಳಿದ.