ಹಾರ ಹಾಕಿಸಿಕೊಂಡ ಗೂಬೆ

ಕಳೆದ ಭಾನುವಾರ ಚಳ್ಳಕೆರೆಯಲ್ಲಿ ಒಂದು ಗೂಬೆಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಎರಡಡಿ ಎತ್ತರದ ಫೋಟೋ, ಸುಗಂಧರಾಜದ ಹಾರ, ಮುಂದೆ ಊದಿನಕಡ್ಡಿ. ಗೂಬೆ ಕಿತ್ತಳೆ ಬಣ್ಣದ ಕಣ್ಣು ಬಿಟ್ಟುಕೊಂಡು ನಮ್ಮನ್ನೇ ನೋಡುತ್ತಿತ್ತು.

ಗಾಬರಿಯಾಗಬೇಡಿ. ಗೂಬೆ ಆರೋಗ್ಯವಾಗಿದೆ. ತೀರಿಕೊಂಡವರು ಪಾಲಯ್ಯನವರು.

ಮೊಳಕಾಲ್ಮೂರಿನ ಕಡೆ, ಸಿದ್ದಾಪುರದ ಬಂಡೆಗಳ ನಡುವೆ ಮೇಕೆ ಮೇಯಿಸುತ್ತಿದ್ದವರು. ನಮ್ಮ ಹಕ್ಕಿ ವೀಕ್ಷಕರ ಬಳಗಕ್ಕೆ ಹಕ್ಕಿ ತೋರಿಸುತ್ತಿದ್ದವರೇ ಅವರು. (ನಮ್ಮ ಯಜಮಾನರು ಬಳಗದ ಸದಸ್ಯರು. ನಾನು ಚಿತ್ರಾನ್ನದ ಡಬ್ಬಿಯ ಜೊತೆ ಹೋಗುವವಳು.) ನಮ್ಮ ಬಳಗದವರು ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಹಿಡಿದು ತಡಕಾಡುತ್ತಿದ್ದರೆ ಪಾಲಯ್ಯನವರು ಬಾಯಲ್ಲಿದ್ದ ಕಡ್ಡಿಯನ್ನೂ ತೆಗೆಯದೆ ಗಲ್ಲ ಎತ್ತಿ ತೋರಿಸುತ್ತಿದ್ದರು: "ಅಗಾ, ಅಲ್ಲೇ ಕುಂತೈತಲ್ರಿ."

ಗೂಬೆ ಮಲಗುವ ಬಂಡೆ ಹತ್ತಿರ ಬಂತೆಂದರೆ ಅವರದೊಂದು ಪದ್ಧತಿಯಿತ್ತು. ಮುಂದೆ ಹೋಗುವ ಮೇಕೆಯನ್ನು ಹಿಡಿದು ನಿಲ್ಲಿಸಿ, ಕೊರಳ ಗಂಟೆಯೊಳಗೆ ಒಂದು ಹಿಡಿ ಹುಲ್ಲು ತುರುಕುತ್ತಿದ್ದರು. ಗಂಟೆ ಮೂಕ. ದಾಟಿದ ಮೇಲೆ ಹುಲ್ಲು ತೆಗೆದು ಆ ಮೇಕೆಗೇ ತಿನ್ನಿಸುತ್ತಿದ್ದರು. ನಮ್ಮವರ ಕ್ಯಾಮೆರಾಗಳಿಗೆ ತುರುಕಲು ಅವರ ಬಳಿ ಹುಲ್ಲಿರಲಿಲ್ಲ, ಅಷ್ಟೇ. "ಸಾಕು ಬರ್ರಿ ಸಾರ್, ಅದ್ಕೂ ನಿದ್ದೆ ಬ್ಯಾಡ್ವಾ?" ಎಂದು ಕರೆದರೆ ನಮ್ಮ ಅಧ್ಯಕ್ಷರು, "ಇರು ಲೇ ಪಾಲಯ್ಯ, ಇನ್ನೊಂದೇ ಕ್ಲಿಕ್ಕು" ಎನ್ನುತ್ತಿದ್ದರು. ತಮಗಿಂತ ಹತ್ತು ವರ್ಷ ದೊಡ್ಡವರಿಗೆ.

ಆ "ಲೇ ಪಾಲಯ್ಯ" ಭಾನುವಾರ "ಶ್ರೀಯುತ ಪಾಲಯ್ಯನವರು" ಆದರು. ನಮ್ಮಲ್ಲಿ ಬಹುವಚನ ಸಿಗಬೇಕಾದರೆ ಸಾಯಲೇಬೇಕೇ?

ಹಾರ ಗೂಬೆಗೆ ಬಿದ್ದದ್ದು ಏಕೆಂದು ಕೇಳುತ್ತೀರಿ. ಪಾಲಯ್ಯನವರ ಫೋಟೋ ಯಾರ ಬಳಿಯೂ ಇರಲಿಲ್ಲ! ಇಪ್ಪತ್ತು ಜನ ಸದಸ್ಯರು, ವರ್ಷಗಳ ಪ್ರವಾಸ, ಹಾರ್ಡ್ ಡಿಸ್ಕ್ ತುಂಬ ಹಕ್ಕಿ. ಒಂದರಲ್ಲಿ ಅವರ ಮೊಣಕೈ ಇತ್ತು, ಇನ್ನೊಂದರಲ್ಲಿ ಟವೆಲ್ಲಿನ ತುದಿ. ಉಳಿದದ್ದನ್ನು ನಮ್ಮವರೇ ಕ್ರಾಪ್ ಮಾಡಿದ್ದರು. ಕಂಪೋಸಿಷನ್ ಹಾಳಾಗುತ್ತದಂತೆ.

"ಗೂಬೆ ಅವರ ಆತ್ಮದ ಪ್ರತೀಕ" ಎಂದು ಅಧ್ಯಕ್ಷರು ಮೈಕಿನಲ್ಲಿ ಸಮಜಾಯಿಷಿ ಕೊಡುವ ಹೊತ್ತಿಗೆ ಪಾಲಯ್ಯನವರ ಹೆಂಡತಿ ಓಬಮ್ಮ ಒಳಗೆ ಬಂದರು. ಸಿದ್ದಾಪುರದಿಂದ ಬಸ್ಸು ಹಿಡಿದು ಬಂದಿದ್ದರು. ಕೈಯಲ್ಲಿ ಬಟ್ಟೆಯ ಚೀಲ. ಬಾಗಿಲಲ್ಲೇ ನಿಂತು ಫೋಟೋ ನೋಡಿದರು.

"ಸತ್ತಿದ್ದು ನಮ್ಮನೆಯವ್ರಾ, ಗೂಬೇನಾ?"

ಅಧ್ಯಕ್ಷರು ಮೈಕು ಕೆಳಗಿಟ್ಟರು.

"ಅದು ಬದುಕೈತಲ್ರೀ! ಬದುಕಿರೋದಕ್ಕೆ ಯಾರಾದ್ರೂ ಹಾರ ಹಾಕ್ತಾರಾ? ತೆಗೀರಿ ಮೊದ್ಲು. ಅವ್ರು ಕಂಡಿದ್ರೆ ಬೈಯ್ತಿದ್ರು."

ಅಧ್ಯಕ್ಷರೇ ಹೋಗಿ ಹಾರ ತೆಗೆದರು.

ಓಬಮ್ಮ ಬಂದದ್ದು ಭಾಷಣಕ್ಕಲ್ಲ, ಪಟಕ್ಕೆ. "ಯಾವಾಗ್ಲೂ ಪಟ ತೆಗೀತಿದ್ರಲ್ಲ, ನಮ್ಮನೆಯವ್ರದ್ದೂ ಒಂದು ಕೊಡ್ರಿ. ಗೋಡೆಗೆ ಹಾಕ್ಬೇಕು. ಆಧಾರ್ ಕಾರ್ಡಿನಾಗೆ ಒಂದೈತೆ, ಅದ್ರಾಗೆ ಕಳ್ಳನಂಗೆ ಕಾಣ್ತಾರೆ."

ಇಪ್ಪತ್ತು ಫೋನುಗಳು ಹೊರಬಂದವು. ಇಪ್ಪತ್ತು ಹೆಬ್ಬೆರಳು ಮೇಲೆ ಕೆಳಗೆ ಓಡಿದವು. ಗೂಬೆ, ಗಿಡುಗ, ಮತ್ತೆ ಗೂಬೆ. ಓಬಮ್ಮ ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಿಂತರು. ಆ ಸಂಕಟದ ನಡುವೆ ಒಬ್ಬ ಮಹಾನುಭಾವರು ಬಗ್ಗಿ ಮೆಲ್ಲಗೆ ಕೇಳಿದರು: "ಅಮ್ಮಾ, ಈ ಸಲ ಗೂಬೆ ಎಲ್ಲಿ ಮರಿ ಮಾಡೈತೆ, ನಿಮಗೇನಾದ್ರೂ ಹೇಳಿದ್ರಾ?"

"ಹೇಳವ್ರೆ."

"ಎಲ್ಲಮ್ಮಾ?"

"ಯಾರ್ಗೂ ಹೇಳ್ಬ್ಯಾಡ ಅಂತಾನೂ ಹೇಳವ್ರೆ."

(ನಾನು ಕಾನ್ವೆಂಟಿನಲ್ಲಿ ಓದಿದವಳು. ಸಭೆಯಲ್ಲಿ ನಗಬಾರದು, ದನಿ ಎತ್ತಬಾರದು ಎಂದು ಸಿಸ್ಟರುಗಳು ಕಲಿಸಿದ್ದಾರೆ. ಸೆರಗು ಬಾಯಿಗೆ ಒತ್ತಿಕೊಂಡೆ.)

ಆಗ ನೆನಪಾಯಿತು. ನಮ್ಮ ಬಳಗದ ವಾಟ್ಸಾಪಿನಲ್ಲಿ ಅಧ್ಯಕ್ಷರ ಪ್ರೊಫೈಲ್ ಚಿತ್ರವನ್ನು ನೀವು ನೋಡಬೇಕು. ಟೋಪಿ, ಲೆನ್ಸು, ದೂರ ದಿಗಂತದಲ್ಲಿ ದೃಷ್ಟಿ. ಅದನ್ನು ತೆಗೆದದ್ದು ನಾನು, ನನ್ನ ಫೋನಿನಲ್ಲಿ. ಅವರು ಕತ್ತರಿಸಿ ಹಾಕಿಕೊಂಡರು. ಕತ್ತರಿಸದೇ ಇದ್ದದ್ದು ನನ್ನ ಬಳಿ ಹಾಗೇ ಉಳಿದಿತ್ತು. ಹುಡುಕಿದೆ. ಅಧ್ಯಕ್ಷರ ಎಡಗಡೆ, ಬಂಡೆಯ ಪಕ್ಕ ಪಾಲಯ್ಯನವರು ಕೂತಿದ್ದಾರೆ. ಒಂದು ಕೈಯಲ್ಲಿ ಮೇಕೆಯ ಗಂಟೆ, ಇನ್ನೊಂದರಲ್ಲಿ ಹುಲ್ಲು. ನಮ್ಮ ಅಧ್ಯಕ್ಷರ ಭಂಗಿ ನೋಡಿ ಬಾಯಿತುಂಬ ನಗುತ್ತಿದ್ದಾರೆ!

ಓಬಮ್ಮನಿಗೆ ತೋರಿಸಿದೆ. ತೋರುಬೆರಳಿನಿಂದ ಸ್ಕ್ರೀನಿನ ಮೇಲೆ ಗಂಡನ ಕೆನ್ನೆ ಮುಟ್ಟಿದರು. ಚಿತ್ರ ಸರ್ರನೆ ಜಾರಿ ನನ್ನ ಚಿತ್ರಾನ್ನ ಬಂತು. ಹೆದರಿ ಕೈ ಹಿಂದಕ್ಕೆ ತೆಗೆದರು. ಮತ್ತೆ ತಂದುಕೊಟ್ಟೆ. "ಇದೇ ಕಣವ್ವ. ಹಿಂಗೇ ನಗ್ತಿದ್ರು."

ಅಧ್ಯಕ್ಷರೂ ಇಣುಕಿದರು. "ಚೆನ್ನಾಗಿ ಬಂದಿದೆ ಮೇಡಂ. ಹಾಗೇ ಪ್ರಿಂಟ್ ಹಾಕ್ಸಿ, ಕಟ್ ಮಾಡೋದೇನೂ ಬೇಡ. ಒಟ್ಟಿಗೆ ಇದ್ದ ನೆನಪು ಅವರ ಮನೇಲೂ ಇರ್ಲಿ."

ಓಬಮ್ಮ ಅವರನ್ನೂ ಫೋಟೋವನ್ನೂ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವ್ರಿಗೂ ಹಾರ ಹಾಕ್ಬೇಕೇನವ್ವ?"

ಭಾಷಣಗಳು ಇನ್ನೂ ಬಾಕಿಯಿದ್ದವು. ನಾವಿಬ್ಬರೂ ಹೊರಬಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋಗೆ ನಡೆದೆವು. ಅವರ ಬಸ್ಸು ಹೊರಡುವುದರೊಳಗೆ ಫ್ರೇಮು ಸಿದ್ಧವಾಯಿತು. ಓಬಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕಿಟಕಿಯ ಪಕ್ಕ ಕೂತರು.

ಎಷ್ಟೇ ನಾಜೂಕಾಗಿ ಕತ್ತರಿಸಿದರೂ ಬಲಗಡೆಯ ಅಂಚಿನಲ್ಲಿ ಅಧ್ಯಕ್ಷರ ಮೊಣಕೈ ಸ್ವಲ್ಪ ಉಳಿದುಬಿಟ್ಟಿದೆ; ಕಂಪೋಸಿಷನ್ ಹಾಳಾಯಿತು, ಕ್ಷಮಿಸಿ ಸಾರ್.