ಒಗ್ಗರಣೆ ಹಾಕಿದ ಸಾರು

ಮಗಳ ಕಣ್ಣೊಳಗೆ ಗುಳ್ಳೆ ಏಳಬಹುದಿತ್ತು. ಜ್ವರ ನೆತ್ತಿಗೇರಬಹುದಿತ್ತು. ಮನೆ ಖಾಲಿ ಮಾಡಿ ಎಂದು ಓನರ್ ಹೇಳಬಹುದಿತ್ತು. ನಲ್ಲಿಯ ಹತ್ತಿರ ಬೀದಿಯವರು ನಮ್ಮ ಕೊಡವನ್ನು ಹಿಂದಕ್ಕೆ ತಳ್ಳಬಹುದಿತ್ತು. ಬೇರೆ ಮಕ್ಕಳಿಗೂ ಅಂಟಿ, ಆ ಪಾಪವೂ ನಮ್ಮ ತಲೆಗೇ ಬರಬಹುದಿತ್ತು. ಚಿಂತೆ ಮಾಡುವುದರಲ್ಲಿ ನಾನು ಬಲು ಅಚ್ಚುಕಟ್ಟು ನೋಡಿ, ಒಂದನ್ನೂ ಬಿಟ್ಟಿರಲಿಲ್ಲ.

ಇವತ್ತು ಪಕ್ಕದ ಮನೆಯಿಂದ ಸಾಸಿವೆ ಸಿಡಿದ ವಾಸನೆ ಬಂತು. ಅದಕ್ಕೇ ಇದೆಲ್ಲ ನೆನಪು. ಎಂಟು ವರ್ಷದ ಹಿಂದೆ ನಾವು ಪುರವರದಲ್ಲಿದ್ದೆವು. ನಾನು ಹೈಸ್ಕೂಲಿನ ಗುಮಾಸ್ತ. ಆ ಬೀದಿಗೆಲ್ಲ ನಮ್ಮದೊಂದೇ ಕ್ರೈಸ್ತರ ಮನೆ. ಆರು ವರ್ಷದ ಮಗಳಿಗೆ ಮೈತುಂಬ ಗುಳ್ಳೆ ಎದ್ದವು. ಮಧುಗಿರಿಯ ಡಾಕ್ಟರು ಚಿಕನ್‌ಪಾಕ್ಸ್ ಅಂದರು. ಬೀದಿಯವರು ಅಮ್ಮ ಬಂದವ್ಳೆ ಅಂದರು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಹಾಕಿದರೆ ದೇವಿ ಮುನಿದು ಮಗುವಿನ ಮೈ ಇನ್ನಷ್ಟು ಉರಿಸುತ್ತಾಳೆ ಎಂದು ನಂಬಿಕೆ. ಗುಳ್ಳೆ ಬಾಡುವವರೆಗೆ ಮೊಸರನ್ನವೇ ಗತಿ.

ಮೂರು ದಿನದಿಂದ ಏನೂ ಮುಟ್ಟದಿದ್ದ ಮಗಳು ಬೆಳ್ಳುಳ್ಳಿ ಒಗ್ಗರಣೆಯ ಸಾರು ಕೇಳಿದಳು. ನನ್ನ ಹೆಂಡತಿ ಸುಗುಣ ಬಾಣಲೆ ಇಟ್ಟಳು. ಸಾಸಿವೆ ಸಿಡಿದದ್ದೇ ತಡ, ಎದುರು ಮನೆಯ ಈರಕ್ಕ ಬೇವಿನ ಸೊಪ್ಪು ಹಿಡಿದು ಹೊಸ್ತಿಲಾಚೆ ನಿಂತಳು. ಕೆಟ್ಟ ಹೆಂಗಸಲ್ಲ, ನಮ್ಮ ಮಗಳಿಗೆ ದಿನವೂ ಮೇಕೆ ಹಾಲು ತಂದುಕೊಡುತ್ತಿದ್ದವಳು.

“ಏನ್ ಧೈರ್ಯ ಕಣಮ್ಮ ನಿಂಗೆ. ಮಗೀನ ಕಣ್ಣು ಹೋದ್ರೆ ಯಾರ್ ತಂದ್ಕೊಡ್ತಾರೆ?”

“ನಾವು ಯೇಸಪ್ಪನ್ನ ನಂಬಿರೋರು ಈರಕ್ಕ. ಮಗು ಆತನ ಕೈಲೈತೆ.”

“ಇರ್ಲಿ ಬುಡು, ನಿಮ್ಮ ಯೇಸಪ್ಪ ದೊಡ್ಡೋನೇ. ಬೀದಿ ಮಾತ್ರ ನಮ್ಮಮ್ಮಂದು.”

ಸುಗುಣ ಬೆದರಲಿಲ್ಲ. ಬೆದರಿದವನು, ಭಾನುವಾರ ಚರ್ಚಿನ ಸಭೆಯಲ್ಲಿ ಎದ್ದು ನಿಂತು ವಿಶ್ವಾಸದ ಬಗ್ಗೆ ಸಾಕ್ಷಿ ಹೇಳುತ್ತಿದ್ದ ನಾನು. ಮಗಳ ಎಡಗಣ್ಣು ಬೆಳಿಗ್ಗೆಯಿಂದ ಊದಿಕೊಂಡಿತ್ತು.

“ಇವತ್ತೊಂದಿನ ಬೇಡ ಕಣೆ” ಎಂದೆ, ಈರಕ್ಕ ಹೋದಮೇಲೆ.

“ಯಾರಿಗೆ ಹೆದರ್ತಿದೀರ? ಈರಕ್ಕಂಗಾ, ಅವರ ದೇವ್ರಿಗಾ?”

ಈರಕ್ಕನಿಗೆ ಅಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಸುಗುಣ ಸಾರನ್ನ ಕಲಸಿ ಮಗಳಿಗೆ ತಿನ್ನಿಸಿದಳು. ನಾನು ಪಕ್ಕದಲ್ಲೇ ಕೂತು ಬರೀ ಮೊಸರನ್ನ ಉಂಡೆ. ಸಾರು ತಿಂದವಳು ಮಗಳು. ನಾನು ತಿನ್ನದೆ ಯಾರನ್ನು ಒಲಿಸಿಕೊಳ್ಳಲು ಹೊರಟಿದ್ದೆನೋ ಈಗಲೂ ಗೊತ್ತಿಲ್ಲ.

“ಅಪ್ಪ, ಹೆದ್ರಿಕೆನಾ?” ಮಗಳು ಒಂದೇ ಕಣ್ಣಲ್ಲಿ ನೋಡಿದಳು.

“ಇಲ್ಲ ಕಂದ, ಹೊಟ್ಟೆ ಸರಿಯಿಲ್ಲ.”

ಕಣ್ಣು ಉಳಿಯಿತು. ಗುಳ್ಳೆ ಒಣಗಿದವು. ಮನೆ ಬಿಡಿ ಎಂದು ಯಾರೂ ಹೇಳಲಿಲ್ಲ. ಮಗಳು ಎದ್ದು ಓಡಾಡಿದ ದಿನ ಈರಕ್ಕ ಅವಳ ಕೆನ್ನೆ ಸವರಿ, “ನಿಮ್ಮ ಪರವಾಗಿ ನಾನೇ ಅಮ್ಮಂಗೆ ತಪ್ಪೊಪ್ಕೊಂಡಿದ್ದೆ ಕಣಮ್ಮ” ಎಂದಳು. ಸುಗುಣ ನಕ್ಕಳು. ನಾನು ನಗಲಿಲ್ಲ, ಅಮ್ಮನಿಗೆ ಹೆದರಿದ್ದವನು ನಾನೊಬ್ಬನೇ, ನನ್ನ ಪರವಾಗಿ ಅಂದಿದ್ದರೆ ಸರಿಹೋಗುತ್ತಿತ್ತು.

ಈಗ ಮಗಳು ಒಂಬತ್ತನೇ ಕ್ಲಾಸು. ಈ ಮಧ್ಯಾಹ್ನ ತಟ್ಟೆ ಮುಂದೆ ಕೂತಾಗ ಹೇಳಿಯೇಬಿಟ್ಟೆ: “ನಿಂಗೆ ಗುಳ್ಳೆ ಎದ್ದಾಗ ನಂಗೆ ಹೆದ್ರಿಕೆನೇ ಆಗಿತ್ತು ಕಣಮ್ಮ.”

“ಗೊತ್ತು ಅಪ್ಪ.”

ಊಟಕ್ಕೆ ಮುಂಚಿನ ಪ್ರಾರ್ಥನೆ ಮನೆಯ ಯಜಮಾನನದು ಎಂಬುದು ನಮ್ಮಲ್ಲಿನ ರೂಢಿ. ಕೈ ಜೋಡಿಸಿ ಬಾಯಿ ತೆರೆದೆ. ಮಗಳು ಆಗಲೇ ಕಣ್ಣು ಮುಚ್ಚಿದ್ದಳು. “ಮಮ್ಮಿ, ನೀನ್ ಮಾಡು” ಎಂದಳು, ಸಿಟ್ಟಿಲ್ಲದೆ, ಆ ಸಾರಿನ ದಿನದಿಂದ ಎಂಟು ವರ್ಷವೂ ಹೇಳುತ್ತ ಬಂದಿರುವ ಹಾಗೆಯೇ.