ಲಾರಿಗೆ ಮುಪ್ಪು ಬಳಿದ ಗದಿಗೆಪ್ಪ

ಹಗಲೆಲ್ಲ ಹಳೆಯದನ್ನು ಹೊಸದು ಮಾಡುವುದು, ಸಂಜೆ ಮನೆಗೆ ಬಂದು ಹೊಸದನ್ನು ಹಳೆಯದು ಮಾಡುವುದು. ಗದಿಗೆಪ್ಪನ ಬಾಳಿನಲ್ಲಿ ಇದಕ್ಕಿಂತ ಹೆಚ್ಚಿನದೇನೂ ನಡೆದಂತಿಲ್ಲ. ಮುಂಬಯಿಯ ಬೈಕುಲ್ಲಾದ ಒಂದು ಮೋಟಾರು ಗ್ಯಾರೇಜಿನಲ್ಲಿ ಅವನು ಪೇಂಟರ್. ಗುದ್ದಿಸಿಕೊಂಡು, ತುಕ್ಕು ತಿಂದು, ಒಂದು ಕಣ್ಣು ಕಳಕೊಂಡು ಬಂದ ಲಾರಿಗಳಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಮದುಮಗನ ಹಾಗೆ ಮಾಡಿ ಕಳಿಸುತ್ತಿದ್ದ. ಆಮೇಲೆ ಕುರ್ಲಾದಲ್ಲಿ ಲೋಕಲ್ ಬದಲಿಸಿ ಚೆಂಬೂರಿನ ತನ್ನ ಒಂದು ಕೋಣೆಯ ಅರಮನೆಗೆ ಬಂದು, ಚಹಾ ಕುಡಿದು, ಕಿಟಕಿಯ ಕಟ್ಟೆಯ ಮೇಲಿದ್ದ ಗೇಣುದ್ದದ ಲಾರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ತುಕ್ಕು ಹಚ್ಚುತ್ತ ಕೂಡುತ್ತಿದ್ದ.

ಇಂಥದೊಂದು ಹುಚ್ಚು ವಿಲಾಯತಿಯಲ್ಲೂ ಇದೆ, ಅಲ್ಲಿ ಕೋಟು ಹಾಕಿಕೊಂಡವರು ಇದನ್ನು ಮಾಡುತ್ತಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ನಾಚಿಕೊಂಡು ಬಿಟ್ಟೇಬಿಡುತ್ತಿದ್ದನೋ ಏನೋ. ಚಹಾಪೆಟ್ಟಿಗೆಯ ತೆಳು ಹಲಗೆಯಿಂದ ಲಾರಿಯ ಮೈ, ಡಾಲ್ಡಾ ಡಬ್ಬಿಯ ತಗಡಿನಿಂದ ಮೂತಿ, ದವಾಖಾನೆಯ ಕಂಪೌಂಡರ್ ಕೊಟ್ಟ ಬಾಟಲಿ ಬಿರಡೆಗಳಿಂದ ಗಾಲಿ. ಕಟ್ಟಲು ಒಂದು ತಿಂಗಳು ಸಾಕು. ಕೆಡಿಸಲು ಐದು ತಿಂಗಳು ಬೇಕು. ಮೊಳೆಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಒಣಗಿಸಿ, ಕೆರೆದು ತೆಗೆದ ಅಸಲಿ ತುಕ್ಕು. ಗ್ಯಾರೇಜಿನ ನೆಲದಿಂದ ಪೊಟ್ಟಣ ಕಟ್ಟಿ ತಂದು, ಹಳೆ ಧೋತರದಲ್ಲಿ ಸೋಸಿದ ಅಸಲಿ ಧೂಳು. ಒಮ್ಮೆ ಹಸಿ ಬಣ್ಣದ ಮೇಲೆ ನಾಲ್ಕು ಉಪ್ಪಿನ ಹರಳು ಬಿದ್ದದ್ದನ್ನು ನೋಡದೆ ಮೇಲೊಂದು ಕೈ ನೀಲಿ ಹೊಡೆದುಬಿಟ್ಟಿದ್ದ. ಒಣಗಿದ ಮೇಲೆ ಉಪ್ಪು ಉದುರಿತು, ಬಣ್ಣವೂ ಅದರೊಂದಿಗೆ ಎದ್ದಿತು, ಒಳಗಿನ ತುಕ್ಕು ಇಣುಕಿತು. ವರ್ಷಗಟ್ಟಲೆ ಬಿಸಿಲು ಮಳೆ ತಿಂದ ಲಾರಿಯ ಚರ್ಮದಂತೆಯೇ! ಅಂದಿನಿಂದ ಮನೆಯ ಉಪ್ಪಿನ ಗಡಿಗೆ ಬೇಗ ಬೇಗ ಬರಿದಾಗತೊಡಗಿತು.

"ನಾ ಸಾರಿಗೆ ಒಂದು ಹರಳು ಹೆಚ್ಚು ಹಾಕಿದ್ರ ಮಾರಿ ಸಿಂಡರಸ್ತೀರಿ. ಲಾರಿಗೆ ಮಾತ್ರ ಹಿಡಿ ಹಿಡಿ" ಎಂದಳು ಹೆಂಡತಿ ಶರಣವ್ವ.

ಗದಿಗೆಪ್ಪ "ಹ್ಞೂಂ" ಎಂದ. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ಬಾಯಲ್ಲಿ ಹಿಡಿದಿರುತ್ತಿದ್ದ. ಅಷ್ಟನ್ನು ಮಾತ್ರ ಹೇಳಲು ಆಗುತ್ತಿತ್ತು.

ಐವತ್ತೇಳರ ದಸರೆಗೆ ಮುಂಚೆ ಅವನ ತೊಡೆಯ ಮೇಲಿದ್ದದ್ದು ಸಾಮಾನ್ಯ ಲಾರಿಯಲ್ಲ. ಅದು ಸಿದ್ದರಾಮಪ್ಪನ ಲಾರಿ. ಸಿದ್ದರಾಮಪ್ಪ ವಿಜಾಪುರದ ಕಡೆಯವನು. ಯುದ್ಧ ಮುಗಿದ ಮೇಲೆ ಸೇಠ್ ಒಬ್ಬ ಮಿಲಿಟರಿ ಹರಾಜಿನಲ್ಲಿ ಹಿಡಿದ ಲಾರಿಯನ್ನು ಹನ್ನೊಂದು ವರ್ಷ ಒಬ್ಬನೇ ಓಡಿಸಿ, ಪುಣೆಯ ಕಾಯಿಪಲ್ಲೆಯನ್ನು ಬೈಕುಲ್ಲಾ ಮಾರ್ಕೆಟ್ಟಿಗೆ ಮುಟ್ಟಿಸಿದವನು. ಈಗ ಅವನ ಕಣ್ಣಿಗೆ ಪೊರೆ, ಲಾರಿಯ ಇಂಜಿನ್ನಿಗೆ ದಮ್ಮು. ಸೇಠ್ ಲಾರಿಯನ್ನು ಗುಜರಿಗೆ ಕೊಟ್ಟ; ಸಿದ್ದರಾಮಪ್ಪ ದಸರೆಯ ಸೀಮೋಲ್ಲಂಘನದ ದಿನ ಊರ ಗಾಡಿ ಹತ್ತುವುದೆಂದು ಠರಾಯಿಸಿದ. ಆ ಬೇಸಿಗೆಯಲ್ಲಿ, ಲಾರಿ ಗುಜರಿಗೆ ಹೋಗುವ ಮುಂಚೆ, ಗದಿಗೆಪ್ಪನನ್ನು ಹುಡುಕಿಕೊಂಡು ಬಂದು ಹೇಳಿದ್ದ: "ತಮ್ಮಾ, ನನಗೊಂದು ಸಣ್ಣದು ಮಾಡಿಕೊಡು. ಹೊಸಾದು ಮಾಡಬ್ಯಾಡ ಮತ್ತ. ಹೊಸಾದಿದ್ದಾಗ ನಾ ಅದನ್ನ ನೋಡೇ ಇಲ್ಲ. ಕಣ್ಣು ಪೂರಾ ಹೋಗೂದರಾಗ ನನ್ನ ಲಾರಿ ನನ್ನ ಕಣ್ಣ ಮುಂದಿರಲಿ."

ಗದಿಗೆಪ್ಪ ಆ ಲಾರಿಯ ಸುತ್ತ ಮೂರು ದಿನ ಓಡಾಡಿ ತಗ್ಗು, ಗೀರು, ತುಕ್ಕಿನ ಕಲೆಗಳ ನಕ್ಷೆ ತೆಗೆದಿದ್ದ. ಮಹಾನವಮಿಯ ಹಿಂದಿನ ಸಂಜೆ ಕೊನೆಯ ಕೈ ಮುಗಿಯಿತು. ಎಡ ಮಡ್‌ಗಾರ್ಡಿನ ತಗ್ಗು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಅದಕ್ಕೆ ಪುಟ್ಟಿ ಮೆತ್ತಲು ಅವನದೇ ಬೆರಳು ತುರಿಸಿತು.

ಮಹಾನವಮಿಯ ಬೆಳಿಗ್ಗೆ ಅವನು ಗ್ಯಾರೇಜಿನ ಖಂಡೇಪೂಜೆಗೆ ಹೋಗಿ, ಸ್ಪ್ಯಾನರುಗಳಿಗೆಲ್ಲ ಕುಂಕುಮ ಹಚ್ಚಿ, ಮಧ್ಯಾಹ್ನ ಮನೆಗೆ ಬಂದ. ಬಾಗಿಲಲ್ಲೇ ನಿಂತುಬಿಟ್ಟ.

ಗೋಡೆಯ ಬದಿಗೆ ಮಣೆಯ ಮೇಲೆ ಈಳಿಗೆ, ಕತ್ತರಿ, ಒಳಕಲ್ಲಿನ ಗುಂಡು ಸಾಲಾಗಿ ಕೂತಿದ್ದವು. ನಡುವೆ ಒಂದು ನೀಲಿ ಲಾರಿ. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವು. ಈಗಷ್ಟೇ ಕಾರ್ಖಾನೆಯಿಂದ ಹೊರಗೆ ಕಾಲಿಟ್ಟಂತೆ ಥಳಥಳ ಹೊಳೆಯುತ್ತಿತ್ತು.

"ಹೆಂಗಾಗೇತಿ?" ಶರಣವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಖಂಡೇಪೂಜೆಗೆ ಹೊಲಸು ಗಾಡಿ ಇಡಾಕ ಬರತೈತೇನು? ಅಂಟವಾಳ ಹಚ್ಚಿ ತಿಕ್ಕಿದೆ. ಹೋಗಲಿಲ್ಲ. ಹುಣಸಿಹಣ್ಣು, ಬೂದಿ ಹಚ್ಚಿದೆ. ಹೋತು ನೋಡ್ರಿ! ಬಣ್ಣ ಕಿತ್ತಲ್ಲೆಲ್ಲ ನಿಮ್ಮ ಡಬ್ಬಿಯಿಂದ ನಾನ ಹಚ್ಚಿದೆ. ಪೇಂಟರ್ ಹೇಣ್ತಿ ಆಗಿ ಇಷ್ಟೂ ಬರದಿದ್ರ ಹೆಂಗ? ಮುಂದಿಂದು ನೆಗ್ಗಿತ್ತಲಾ, ಅದನ್ನೂ ಸೌಟಿನ ತುದೀಲೆ ಒಳಗಿಂದ ನೂಕಿ ಸರಿ ಮಾಡೇನಿ."

ಗ್ಯಾರೇಜಿನಲ್ಲಿ ನಾಲ್ಕು ಜನ ಎಂಟು ದಿನ ಮಾಡುವ ಕೆಲಸವನ್ನು ಅವಳು ಒಂದು ಬೆಳಗಿನಲ್ಲಿ ಮಾಡಿದ್ದಳು. ಅವರಿಗಿಂತ ಚೆನ್ನಾಗಿಯೇ ಮಾಡಿದ್ದಳು, ಅದೇ ಸಂಕಟ. ಗದಿಗೆಪ್ಪ ಮಣೆಯ ಮುಂದೆ ಕೂತು, ಎಡ ಮಡ್‌ಗಾರ್ಡಿನಲ್ಲಿ ತಗ್ಗು ಇದ್ದ ಜಾಗವನ್ನು ಬೆರಳಿನಿಂದ ತಡವಿದ.

"ಯಾಕ್ರಿ? ದಿನಾ ದಣದು ಬರತೀರಿ, ಅದನ್ನ ಹಿಡಕೊಂಡು ಕೂಡ್ತೀರಿ, ಸ್ವಚ್ಛ ಮಾಡಿ ಮುಗಸಾಕ ಆಗವಲ್ದು ಅಂತ ನನ್ನ ಹೊಟ್ಟಿ ಉರೀತಿತ್ತು. ಇವತ್ತರ ನಾ ಮುಗಸೂಣು ಅಂತ..."

"ಅದು ಮುಗದಿತ್ತು" ಎಂದ ಗದಿಗೆಪ್ಪ. ಆಮೇಲೆ ನಿಧಾನವಾಗಿ ಎಲ್ಲ ಹೇಳಿದ. ಸಿದ್ದರಾಮಪ್ಪ, ಅವನ ಕಣ್ಣು, ನಾಳೆ ಸಂಜೆಯ ಗಾಡಿ.

ಶರಣವ್ವ ಚೆಂಡುಹೂವಿನ ಮಾಲೆಯನ್ನು ಲಾರಿಯ ಕೊರಳಿಂದ ತೆಗೆದಳು. "ಐದು ತಿಂಗಳು ಒಂದು ಮಾತು ಹೇಳಾಕ ಏನಾಗಿತ್ತು ನಿಮಗ?" ಎಂದು ಗದರಿಸಿದಳು.

ಅಷ್ಟರಲ್ಲಿ ಹೋಳಿಗೆ ಊಟಕ್ಕೆ ಗದಿಗೆಪ್ಪ ಕರೆದಿದ್ದ ಸಿದ್ದರಾಮಪ್ಪನೇ ಬಂದ. ಕಣ್ಣು ಕಿರಿದು ಮಾಡಿ ಮಣೆಯ ಮುಂದೆ ಕುಕ್ಕರಿಸಿ, ಲಾರಿಯನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿದ.

"ಭಾಳ ಚಂದ ಐತಿ ತಮ್ಮಾ" ಎಂದ. "ಯಾರ ಲಾರಿ?"

ಶರಣವ್ವ ಮುಂದೆ ಬಂದಳು. "ಕಾಕಾ, ಅದು ನಿಮ್ಮದ. ಇವರು ಬರೋಬ್ಬರಿ ಮಾಡಿದ್ರು. ನಾ ತೊಳದೆ."

ಮುದುಕನ ಭುಜ ನಗೆಯಿಂದ ಕುಲುಕತೊಡಗಿತು. "ಹನ್ನೊಂದು ವರ್ಷದಾಗ ನಾ ಒಮ್ಮೆರ ತೊಳದಿದ್ರ ಸೇಠ್ ನನಗ ಬಕ್ಷೀಸು ಕೊಡ್ತಿದ್ದ. ನೀ ಒಂದ ದಿನದಾಗ ತೊಳದಿ, ನೋಡವ್ವಾ! ಇರಲಿ. ಗದಿಗ್ಯಾ, ಸಾಮಾನು ತಗಿ. ನಾಳೆ ಸಂಜೀತನಾ ಟೈಮ್ ಐತಿ. ನಾ ಹೇಳ್ತೀನಿ, ನೀವು ಹೊಲಸು ಮಾಡ್ರಿ."

ಹೋಳಿಗೆ ಊಟ ಮುಗಿಸಿ ಮೂವರೂ ಚಾಪೆಯ ಮೇಲೆ ಕೂತರು. ಗದಿಗೆಪ್ಪ ತನ್ನ ನಕ್ಷೆ ಬಿಚ್ಚಿ ಮೊದಲು ಎಡ ಮಡ್‌ಗಾರ್ಡಿಗೆ ಬಂದ. ಆ ತಗ್ಗಿನ ಕಥೆ ಬೈಕುಲ್ಲಾದಲ್ಲೆಲ್ಲ ಪ್ರಸಿದ್ಧ: ಖಂಡಾಳಾ ಘಾಟಿನಲ್ಲಿ ಎದುರು ಬಂದ ಬಸ್ಸಿನ ಮಂದಿಯನ್ನು ಉಳಿಸಲು ಸಿದ್ದರಾಮಪ್ಪ ಲಾರಿಯನ್ನು ಗೋಡೆಗೆ ಹಾಯಿಸಿದ್ದು.

ಸಿದ್ದರಾಮಪ್ಪ ಕೆಮ್ಮಿದ. "ಹೆಂಗೂ ಊರಿಗೆ ಹೊಂಟೇನಿ, ಖರೇ ಹೇಳಿಬಿಡ್ತೀನಿ. ಬಸ್ಸೂ ಇಲ್ಲ, ಗ್ವಾಡೀನೂ ಇಲ್ಲ. ಲೋಣಾವಳಾದಾಗ ಚಾ ಕುಡ್ಯಾಕ ಗಾಡಿ ಹೊಳ್ಳಸೂವಾಗ ಎಮ್ಮಿ ಕಟ್ಟೂ ಗೂಟಕ್ಕ ತಾಗಿತ್ತು."

"ಗೂಟ ಅಂದ್ರ ದುಂಡಗ ತಗ್ಗು ಬೀಳಬೇಕು, ಗ್ವಾಡಿ ಕಥಿ ನಂಬಿ ಇವರು ಉದ್ದಕ ಬೀಳಿಸಿದ್ರು" ಎಂದು ಶರಣವ್ವ ಎದ್ದು ಲಟ್ಟಣಿಗೆ ತಂದಳು. ಗಂಡ ಬೇಡವೆನ್ನುವ ಮೊದಲೇ ಅದರ ತುದಿಯಿಂದ ಒಂದು ಕೊಟ್ಟಳು.

ಸಿದ್ದರಾಮಪ್ಪ ಬೆರಳಿನಿಂದ ಮುಟ್ಟಿ ನೋಡಿದ. "ಅದ! ಅದ ಗೂಟ!"

ಆಮೇಲೆ ಶರಣವ್ವನನ್ನು ಹಿಡಿಯುವವರಿರಲಿಲ್ಲ. ಗಂಡ ಹೊಗೆಯ ಕಲೆಗೆಂದು ಇಟ್ಟಿದ್ದ ಕಾಡಿಗೆಯನ್ನು ಮೂಗಿಗೆ ಹಿಡಿದು, "ಇದು ದೇವರ ಮುಂದಿನ ದೀಪದ್ದು, ಲಾರಿ ಹೊಗಿ ಅಲ್ಲ" ಎಂದು ಪ್ರೈಮಸ್ ಒಲೆಯ ಮೇಲಿನ ಪಾತ್ರೆಯ ತಳದಿಂದ ಎಣ್ಣೆಗಟ್ಟಿದ ಮಸಿ ಕೆರೆದು ತಂದಳು. ತಾನೇ ಹಚ್ಚಿದ ನೀಲಿಯನ್ನು ತಾನೇ ಸೂಜಿಯಿಂದ ಕಿತ್ತಳು. ಗದಿಗೆಪ್ಪ ತನ್ನ ಲಾರಿಗೆ ತಾನೇ ಕ್ಲೀನರ್ ಆಗಿ, ಕೇಳಿದಾಗ ತುಕ್ಕಿನ ಬಟ್ಟಲು ದಾಟಿಸುತ್ತ ಕೂತ. ಐದು ತಿಂಗಳು ಒಬ್ಬನೇ ಕೂತು ಮಾಡಿದ್ದಕ್ಕಿಂತ ಈ ಒಂದೂವರೆ ದಿನದ ಗಲಾಟೆಯೇ ಹೆಚ್ಚು ರುಚಿ ಎಂದು ಅವನಿಗೆ ಅನಿಸಿತು. ಡ್ರೈವರ್ ಬಾಗಿಲಿನ ಅಂಚಿಗೆ ಬಂದಾಗ ಮಾತ್ರ ಸಿದ್ದರಾಮಪ್ಪ ಇಬ್ಬರನ್ನೂ ತಡೆದ. "ಇಲ್ಲಿ ನನ್ನ ಮೊಣಕೈ ಇರತಿತ್ತು. ಇದನ್ನ ನಾನ ಸವಸ್ತೀನಿ." ಹೆಬ್ಬೆರಳಿಗೆ ಬೂದಿ ಹಚ್ಚಿಕೊಂಡು ಅರ್ಧ ತಾಸು ಉಜ್ಜಿದ.

ದಸರೆಯ ಸಂಜೆ ಬೋರಿಬಂದರ್ ಸ್ಟೇಷನ್ನಿಗೆ ಹೊರಟಾಗ ಬಲಮೈ, ಮೂತಿ, ಎಡ ಮಡ್‌ಗಾರ್ಡು ಆಗಿದ್ದವು. ಎಡಗಡೆಯ ಉಳಿದ ಮೈ, ಮೇಲಿನ ಹೊದಿಕೆ ಇನ್ನೂ ಮಿರಿಮಿರಿ ಮಿಂಚುತ್ತಿದ್ದವು. ಗದಿಗೆಪ್ಪ ಮುಖ ಸಣ್ಣದು ಮಾಡಿಕೊಂಡ.

"ಅಳಬ್ಯಾಡೋ" ಎಂದ ಸಿದ್ದರಾಮಪ್ಪ, ಲಾರಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಿಗೆ ಅವುಚಿಕೊಂಡು. "ನಾ ಕೂಡೂದು ಬಲಕ್ಕ. ಎಡಗಡೆ ಹೆಂಗಿತ್ತಂತ ನಾ ಯಾವಾಗ ನೋಡೇನಿ?"

ಮೂವರೂ ಬನ್ನಿ ಹಂಚಿಕೊಂಡರು. ಬಂಗಾರದಂಗ ಇರೋಣ ಎಂದರು. ಗಾಡಿ ಹೋಯಿತು.

ಚೆಂಬೂರು ಸ್ಟೇಷನ್ನಿನಲ್ಲಿ ಇಳಿದು ಮನೆಯ ಕಡೆ ನಡೆಯುವಾಗ ರಸ್ತೆಯ ಬದಿಗೆ ಒಂದು ಹಳೆಯ ಟ್ಯಾಂಕರ್ ನಿಂತಿತ್ತು. ನಾಲ್ಕು ಹೆಜ್ಜೆ ಮುಂದೆ ಹೋದ ಗದಿಗೆಪ್ಪ, ಹೆಂಡತಿ ಜೊತೆಗಿಲ್ಲವೆಂದು ಹಿಂತಿರುಗಿ ನೋಡಿದ. ಶರಣವ್ವ ಟ್ಯಾಂಕರಿನ ಹೊಟ್ಟೆಯ ಕೆಳಗೆ ಬಗ್ಗಿದ್ದಳು.

"ರೀ, ಬರ್ರಿಲ್ಲಿ. ಎಂಥಾ ಚಂದ ತುಕ್ಕು ಹಿಡದೈತಿ ನೋಡ್ರಿ!"

ಟ್ಯಾಂಕರಿನ ಡ್ರೈವರ್ ಬೀಡಿ ಎಸೆದು, ಏನಾದರೂ ಸೋರುತ್ತಿದೆಯೋ ಎಂಬ ಅನುಮಾನದಿಂದ ಇಳಿದು ಬಂದ. "ಕ್ಯಾ ಹುವಾ ಬಾಯಿ? ಕುಛ್ ಟಪಕ್ತಾ ಹೈ ಕ್ಯಾ?"

ಎಂಟು ವರ್ಷ ಮುಂಬಯಿಯಲ್ಲಿದ್ದೂ ಶರಣವ್ವನಿಗೆ ಬರುತ್ತಿದ್ದ ಹಿಂದಿ ಎರಡೇ ಮಾತು. ಅವನ್ನೇ ತುಂಬು ಮನಸ್ಸಿನಿಂದ ಹೇಳಿದಳು.

"ಅಚ್ಛಾ ಹೈ."